ಅದಮಾರಿನವರ ಸೂರ್ಯ: ನಮ್ಮೂರ ವಿಜ್ಞಾನ ಶಿಕ್ಷಕರಿಗೊಂದು ಬಹಿರಂಗ ಪತ್ರ

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸುವ ಮಾಷ್ಟ್ರುಗಳಿಗೂ ಟೀಚರ್‌ಗಳಿಗೂ ಈ ಪತ್ರ.

ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯವರೆಗೆ ಮಂಗಳ ಗ್ರಹದ ಕಡೆಯಿಂದ ಕಾಸ್ಮಿಕ್ ಕಿರಣ ಬರುತ್ತದೆ, ಮೊಬೈಲ್ ಆಫ್ ಮಾಡಿ ದೂರ ಇಟ್ಟು ಮಲಗಿ ಎಂಬ ಸಂದೇಶ ನಿಮ್ಮ ಫೋನಿಗೂ ಬಂದಿದ್ದೀತು. ವರ್ಷಗಳಿಂದ ಅದು ಸಾಯುತ್ತದೆ, ಮತ್ತೆ ಹುಟ್ಟುತ್ತದೆ. ಸೌರ ಬಿರುಗಾಳಿಯ ಸುದ್ದಿ ಟೀವಿಯಲ್ಲಿ ಬಂದ ವಾರವಂತೂ ಅದಕ್ಕೆ ಹೊಸ ಕೈಕಾಲು ಮೂಡುತ್ತವೆ. ಮರುದಿನ ಬೆಳಿಗ್ಗೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು “ಟೀಚರ್, ಇದು ಹೌದಾ?” ಎಂದು ಕೇಳಿದರೆ ಉತ್ತರ ಕೊಡಬೇಕಾದವರು ನೀವು. ಅದಕ್ಕೇ ಈ ಪತ್ರವನ್ನು ಇಲಾಖೆಗೂ ಬರೆಯಲಿಲ್ಲ, ಪತ್ರಿಕೆಯ ಸಂಪಾದಕರಿಗೂ ಬರೆಯಲಿಲ್ಲ. ನಿಮಗೇ ಬರೆಯುತ್ತಿದ್ದೇನೆ.

“ಸುಳ್ಳು, ನಂಬಬೇಡ” ಎಂದು ಹೇಳಿ ಅವಳನ್ನು ಕೂರಿಸಬಹುದು. ಅದು ಅರ್ಧ ಉತ್ತರ. ಸೂರ್ಯ ಸಿಡಿದಾಗ ಅಲ್ಲಿಂದ ಕಣಗಳು ಹೊರಟು ಬರುವುದು ನಿಜ. ಅವು ನಮ್ಮ ವಾಯುಮಂಡಲದ ಮೇಲಿನ ಪದರಗಳಿಗೆ ನುಗ್ಗುವುದೂ ನಿಜ. ಎಲ್ಲಿ ನುಗ್ಗುತ್ತವೆ, ಎಷ್ಟು ಆಳಕ್ಕೆ ಇಳಿಯುತ್ತವೆ, ಕಾಪುವಿನ ತಲೆಯ ಮೇಲೆ ಯಾಕೆ ಇಳಿಯುವುದಿಲ್ಲ ಎಂಬುದು ಉಳಿದರ್ಧ ಉತ್ತರ. ಆ ಕಣಗಳ ದಾರಿಯನ್ನು ಬಾಹ್ಯಾಕಾಶದಲ್ಲೇ ಅಳೆದ ಜಗತ್ತಿನ ಮೊದಲ ತಲೆಮಾರಿನ ವಿಜ್ಞಾನಿಗಳಲ್ಲಿ ಒಬ್ಬರು ನಮ್ಮ ಅದಮಾರು ಊರಿನ ಯು.ಆರ್. ರಾವ್. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತು. ಅವರು ಮಾಡಿದ ಈ ಕೆಲಸ ಗೊತ್ತಿಲ್ಲ. ನನ್ನ ಸಂಕಟ ಅದು.

ಮೊದಲು ಸೂರ್ಯನಿಂದ ಬರುವುದೇನು ಎಂದು ಬಿಡಿಸಿಕೊಳ್ಳೋಣ. ಸುದ್ದಿವಾಹಿನಿಗಳು ಎಲ್ಲವನ್ನೂ ‘ಸೌರ ಬಿರುಗಾಳಿ’ ಎಂಬ ಒಂದೇ ಚೀಲಕ್ಕೆ ತುಂಬುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಬರುವವು ಮೂರು, ಮೂರೂ ಬೇರೆ ಬೇರೆ ಹೊತ್ತಿಗೆ ಬರುತ್ತವೆ. ಸೌರಜ್ವಾಲೆಯ ಬೆಳಕು, ಅದರೊಳಗಿನ ಎಕ್ಸ್-ಕಿರಣ ಮತ್ತು ಅತಿನೇರಳೆ ಕಿರಣಗಳ ಸಮೇತ, ಎಂಟು ನಿಮಿಷದಲ್ಲಿ ಇಲ್ಲಿರುತ್ತದೆ. ಅದು ಹಗಲಿರುವ ಅರ್ಧ ಭೂಮಿಯ ಅಯಾನುಗೋಳವನ್ನು ಕಲಕುತ್ತದೆ. ಶಾರ್ಟ್‌ವೇವ್ ರೇಡಿಯೋ ಸಂಪರ್ಕ ಸ್ವಲ್ಪ ಹೊತ್ತು ಕೆಡುತ್ತದೆ. ಬೆಳಕಿಗೆ ವಿದ್ಯುದಂಶ ಇಲ್ಲ, ಹಾಗಾಗಿ ಭೂಮಿಯ ಕಾಂತಕ್ಷೇತ್ರ ಅದನ್ನು ತಡೆಯುವುದೂ ಇಲ್ಲ, ತಿರುಗಿಸುವುದೂ ಇಲ್ಲ. ಅದರ ಬೆನ್ನಿಗೇ, ಕೆಲವು ಸಲ ಇಪ್ಪತ್ತು ನಿಮಿಷದೊಳಗೆ, ಕೆಲವು ಸಲ ಗಂಟೆಗಳ ಮೇಲೆ, ವೇಗದ ಪ್ರೋಟಾನುಗಳು ಬರುತ್ತವೆ. ನಾವು ಮಾತಾಡುತ್ತಿರುವ ಶಕ್ತಿಶಾಲಿ ಕಣಗಳೆಂದರೆ ಇವೇ. ಕೊನೆಗೆ, ಒಂದರಿಂದ ಮೂರು ದಿನಗಳಲ್ಲಿ, ಸೂರ್ಯನ ಕರೋನಾದಿಂದ ಕಿತ್ತುಕೊಂಡು ಬಂದ ಕಾಂತೀಯ ಮೋಡ ತಲುಪುತ್ತದೆ. ಭೂಮಿಯ ಕಾಂತಕ್ಷೇತ್ರವನ್ನು ಅಲ್ಲಾಡಿಸಿ ದಿಕ್ಸೂಚಿಯ ಮುಳ್ಳನ್ನು ನಡುಗಿಸುವುದು ಈ ಮೂರನೆಯದು. ಎಂದರೆ ‘ಇವತ್ತು ಸೌರ ಬಿರುಗಾಳಿ’ ಎಂದು ಯಾರಾದರೂ ಹೇಳಿದರೆ ನಿಮ್ಮ ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ: ಬಂದದ್ದು ಬೆಳಕೇ, ಕಣಗಳೇ, ಮೋಡವೇ?

2024ರ ಮೇ 10 ಮತ್ತು 11ರಂದು ಮೂರೂ ಬಂದಿದ್ದವು. 13664 ಎಂಬ ಸಂಖ್ಯೆಯ ದೈತ್ಯ ಸೂರ್ಯಕಲೆಗಳ ಗುಂಪೊಂದು ದಿನಗಟ್ಟಲೆ ಸಿಡಿಯುತ್ತಲೇ ಇತ್ತು. ಒಂದರ ಹಿಂದೆ ಒಂದರಂತೆ ಹೊರಟ ಮೋಡಗಳು ದಾರಿಯಲ್ಲಿ ಸೇರಿಕೊಂಡು ಭೂಮಿಗೆ ಬಡಿದವು. 2003ರ ಅಕ್ಟೋಬರಿನ ನಂತರ ಅಷ್ಟು ದೊಡ್ಡ ದರ್ಜೆಯ ಕಾಂತೀಯ ಬಿರುಗಾಳಿ ಬಂದಿರಲಿಲ್ಲ. ಲಡಾಖಿನ ಹಾನ್ಲೆಯಲ್ಲಿ ಭಾರತೀಯ ಖಗೋಳಭೌತ ಸಂಸ್ಥೆಯ ಕ್ಯಾಮೆರಾಗಳು ಆಕಾಶದ ಅಂಚಿನಲ್ಲಿ ಕೆಂಪು ಧ್ರುವಪ್ರಭೆಯನ್ನು ಹಿಡಿದವು. ಅಮೆರಿಕದಲ್ಲಿ ಜಿಪಿಎಸ್ ನಂಬಿ ಬಿತ್ತನೆ ಮಾಡುವ ಟ್ರ್ಯಾಕ್ಟರುಗಳು ಹೊಲದಲ್ಲೇ ನಿಂತವು. ನಮ್ಮ ದೇಶದಲ್ಲಿ ದೊಡ್ಡ ತೊಂದರೆ ಆಗಲಿಲ್ಲ. ಬಿರುಗಾಳಿಯ ಮುಖ್ಯ ಹೊಡೆತ ಬಿದ್ದದ್ದು ನಮಗೆ ಬೆಳಗಿನ ಜಾವ, ಅಯಾನುಗೋಳ ಇನ್ನೂ ಪೂರ್ತಿ ಕಟ್ಟಿಕೊಂಡಿರದ ಹೊತ್ತು. ಜೊತೆಗೆ ನಾವಿರುವುದು ಕೆಳ ಅಕ್ಷಾಂಶದಲ್ಲಿ ಎಂದು ಇಸ್ರೋ ಅದಕ್ಕೆ ಕಾರಣ ಕೊಟ್ಟಿತು. ಈ ‘ಕೆಳ ಅಕ್ಷಾಂಶ’ ಎಂಬ ಮಾತಿನೊಳಗೆ ಒಂದು ಇಡೀ ಪಾಠ ಅಡಗಿದೆ. ಆ ಪಾಠವನ್ನು ಮಾಡಲು ಕಾಪುವಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಹತ್ತನೆಯ ತರಗತಿಯಲ್ಲಿ ವಿದ್ಯುತ್ಪ್ರವಾಹದ ಕಾಂತೀಯ ಪರಿಣಾಮಗಳ ಪಾಠ ಇದೆ. ಅದರಲ್ಲಿ ಫ್ಲೆಮಿಂಗನ ಎಡಗೈ ನಿಯಮ ಇದೆ. ತೋರುಬೆರಳು ಕಾಂತಕ್ಷೇತ್ರದ ದಿಕ್ಕು, ನಡುಬೆರಳು ಪ್ರವಾಹದ ದಿಕ್ಕು, ಹೆಬ್ಬೆರಳು ಬಲದ ದಿಕ್ಕು. ಮಕ್ಕಳು ಅದನ್ನು ಪರೀಕ್ಷೆಯ ಎರಡು ಅಂಕಕ್ಕಾಗಿ ಬಾಯಿಪಾಠ ಮಾಡುತ್ತಾರೆ, ಮೋಟಾರಿನ ಚಿತ್ರದ ಪಕ್ಕ ಬರೆದು ಮರೆಯುತ್ತಾರೆ. ಒಂದು ದಿನ ಅವರನ್ನು ಕಾಪುವಿನ ದೀಪಸ್ತಂಭದ ಬಂಡೆಯ ಹತ್ತಿರ ಕರೆದುಕೊಂಡು ಹೋಗಿ. 1901ರಿಂದ ಅದು ಅಲ್ಲಿ ನಿಂತಿದೆ. ಪಶ್ಚಿಮಕ್ಕೆ ಸಮುದ್ರ. ಉತ್ತರಕ್ಕೆ ಉಡುಪಿ. ನೇರ ಪೂರ್ವಕ್ಕೆ ಕಾರ್ಕಳ. ನಮ್ಮಲ್ಲಿ ಭೂಮಿಯ ಕಾಂತಕ್ಷೇತ್ರ ಬಹುಮಟ್ಟಿಗೆ ನೆಲಕ್ಕೆ ಸಮಾನಾಂತರವಾಗಿ ಮಲಗಿದೆ; ಕಾಂತೀಯ ಸಮಭಾಜಕ ರೇಖೆ ಹಾದುಹೋಗುವುದು ನಮಗಿಂತ ಸ್ವಲ್ಪ ದಕ್ಷಿಣಕ್ಕೆ, ತಿರುನೆಲ್ವೇಲಿಯ ಆಸುಪಾಸಿನಲ್ಲಿ. ಆದ್ದರಿಂದ ಎಡಗೈಯ ತೋರುಬೆರಳನ್ನು ಉಡುಪಿಯ ಕಡೆ ಚಾಚಲಿ. ಪ್ರೋಟಾನಿಗೆ ಧನ ವಿದ್ಯುದಂಶ, ಅದು ಚಲಿಸುವ ದಿಕ್ಕೇ ಪ್ರವಾಹದ ದಿಕ್ಕು. ನೆತ್ತಿಯ ಮೇಲಿಂದ ನೇರ ಕೆಳಗೆ ಬರುತ್ತಿದೆ ಎಂದುಕೊಂಡು ನಡುಬೆರಳನ್ನು ನೆಲಕ್ಕೆ ತೋರಿಸಲಿ. ಹೆಬ್ಬೆರಳು ತಾನಾಗಿ ಕಾರ್ಕಳದ ಕಡೆ ತಿರುಗುತ್ತದೆ.

ಇಷ್ಟೇ ಸಂಗತಿ. ಆಕಾಶದಿಂದ ಕಾಪುವಿನ ಮೇಲೆ ಇಳಿಯಲು ಹೊರಟ ಪ್ರೋಟಾನು ಪೂರ್ವಕ್ಕೆ ಬಾಗುತ್ತದೆ. ನಮ್ಮ ಕಾಂತಕ್ಷೇತ್ರದ ಬಲ ಸುಮಾರು 40 ಮೈಕ್ರೋಟೆಸ್ಲಾ, ಫ್ರಿಜ್ಜಿಗೆ ಅಂಟಿಸುವ ಕಾಂತಕ್ಕಿಂತ ಎಷ್ಟೋ ದುರ್ಬಲ. ಆದರೆ ಅದು ತಲೆಯ ಮೇಲೆ ಸಾವಿರಾರು ಕಿಲೋಮೀಟರ್ ಎತ್ತರದವರೆಗೆ ಹಬ್ಬಿದೆ. ಅಷ್ಟು ದೂರವೂ ಬಾಗುತ್ತ ಬಾಗುತ್ತ ಬಂದ ಕಣ, ವೇಗ ಸಾಲದಿದ್ದರೆ, ನೆಲ ಕಾಣುವ ಮೊದಲೇ ಪೂರ್ತಿ ತಿರುಗಿ ಬಾಹ್ಯಾಕಾಶಕ್ಕೆ ಮರಳುತ್ತದೆ. ಹಾಗೆ ಮರಳದೆ ನೇರ ಇಳಿಯಬೇಕಾದರೆ ದಕ್ಷಿಣ ಭಾರತದ ಮೇಲೆ ಒಂದು ಪ್ರೋಟಾನಿಗೆ ಸುಮಾರು 1,700 ಕೋಟಿ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಜಗತ್ತಿನಲ್ಲಿ ಈ ಮಿತಿ ಅತಿ ಎತ್ತರದಲ್ಲಿರುವ ಪ್ರದೇಶಗಳಲ್ಲಿ ನಮ್ಮದೂ ಒಂದು. ಸೌರ ಬಿರುಗಾಳಿಯ ಪ್ರೋಟಾನುಗಳ ಲೆಕ್ಕ ಇಡುವವರು ಎಣಿಕೆ ಶುರು ಮಾಡುವುದು ಒಂದು ಕೋಟಿ ಎಲೆಕ್ಟ್ರಾನ್ ವೋಲ್ಟಿನಿಂದ. ಬಹಳ ಬಲವಾದ ಸ್ಫೋಟದಲ್ಲಿ ಅದು ಕೆಲವು ನೂರು ಕೋಟಿಗೆ ಏರುತ್ತದೆ. 1,700 ಕೋಟಿ ಎಲ್ಲಿ, ಇದೆಲ್ಲಿ! ಕಾಪು, ಕಾರ್ಕಳ, ಉಡುಪಿಯ ಜನ ಸೂರ್ಯನ ಕಣಗಳಿಂದ ಭೂಮಿಯ ಮೇಲೆ ಅತ್ಯಂತ ಸುರಕ್ಷಿತವಾಗಿರುವವರ ಸಾಲಿನಲ್ಲಿದ್ದಾರೆ ಎಂದು ನಿಮ್ಮ ವಿದ್ಯಾರ್ಥಿನಿಗೆ ಧೈರ್ಯವಾಗಿ ಹೇಳಬಹುದು. ಯಾರೋ ಹೇಳಿದರೆಂದು ಅವಳು ನಂಬಬೇಕಾಗಿಲ್ಲ, ಅವಳ ಎಡಗೈಯೇ ಅವಳಿಗೆ ತೋರಿಸಿಕೊಟ್ಟಿದೆ.

ಇದೇ ಲೆಕ್ಕ ಮುಂದುವರಿಸಿದರೆ ಇನ್ನೊಂದು ಸೊಗಸು ಸಿಗುತ್ತದೆ. ಎಲ್ಲ ಧನಕಣಗಳೂ ಪೂರ್ವಕ್ಕೇ ಬಾಗುವುದಾದರೆ, ಮಿತಿ ದಾಟಿ ಬರುವ ವಿಶ್ವಕಿರಣಗಳು, ಅಂದರೆ ಕಾಸ್ಮಿಕ್ ಕಿರಣಗಳು, ಪಶ್ಚಿಮದ ಕಡೆಯಿಂದ, ನಮಗಾದರೆ ಸಮುದ್ರದ ಕಡೆಯಿಂದ, ಹೆಚ್ಚು ಬರಬೇಕು. ಹೌದು, ಹಾಗೆಯೇ ಬರುತ್ತವೆ. 1933ರಲ್ಲಿ ಮೆಕ್ಸಿಕೋದಲ್ಲಿ ಇದನ್ನು ಅಳೆದಾಗಲೇ ವಿಶ್ವಕಿರಣಗಳು ಹೆಚ್ಚಾಗಿ ಧನ ವಿದ್ಯುದಂಶದ ಕಣಗಳು ಎಂದು ಜಗತ್ತಿಗೆ ಖಚಿತವಾದದ್ದು.

ಹಾಗಾದರೆ ಸೂರ್ಯನ ಪ್ರೋಟಾನುಗಳು ಎಲ್ಲಿ ಇಳಿಯುತ್ತವೆ? ಕಾಂತರೇಖೆಗಳು ನೆಟ್ಟಗೆ ನೆಲಕ್ಕೆ ಇಳಿಯುವಲ್ಲಿ, ಅಂದರೆ ಧ್ರುವಗಳ ಸುತ್ತ. ಕಣ ಕಾಂತರೇಖೆಯ ದಿಕ್ಕಿನಲ್ಲೇ ಚಲಿಸಿದರೆ ಬಲ ಸೊನ್ನೆ. ಒಂದು ಕೋಟಿ ಎಲೆಕ್ಟ್ರಾನ್ ವೋಲ್ಟಿನ ಪ್ರೋಟಾನು ಅಲ್ಲಿ ಸುಮಾರು 65 ಕಿಲೋಮೀಟರ್ ಎತ್ತರದ ತನಕ ಇಳಿದು ನಿಲ್ಲುತ್ತದೆ. ಹತ್ತು ಕೋಟಿಯದು 30–35 ಕಿಲೋಮೀಟರಿಗೆ ಮುಟ್ಟುತ್ತದೆ. ದಾರಿಯುದ್ದಕ್ಕೂ ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಚೆಲ್ಲುತ್ತದೆ. ಆ ಎಲೆಕ್ಟ್ರಾನುಗಳು ಶಾರ್ಟ್‌ವೇವ್ ರೇಡಿಯೋ ಅಲೆಗಳನ್ನು ನುಂಗಿಹಾಕುತ್ತವೆ. ಮುರಿದ ಸಾರಜನಕ ಮತ್ತು ನೀರಿನ ಅಣುಗಳಿಂದ ಹುಟ್ಟುವ ಹೊಸ ಸಂಯುಕ್ತಗಳು ಓಝೋನನ್ನು ಕಡಿಮೆ ಮಾಡುತ್ತವೆ. 1972ರ ಆಗಸ್ಟಿನ ದೊಡ್ಡ ಪ್ರೋಟಾನ್ ಮಳೆಯಲ್ಲಿ ಧ್ರುವ ಪ್ರದೇಶದ ಮೇಲ್ಪದರದ ಓಝೋನ್ ಕುಗ್ಗಿದ್ದನ್ನು ನಿಂಬಸ್-4 ಉಪಗ್ರಹ ಕಣ್ಣಾರೆ ಅಳೆಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತರಗತಿಯಲ್ಲೇ ತಿದ್ದಬೇಕು. ಸೂರ್ಯನಿಂದ ಬಂದ ಕಣಗಳು ನೇರ ಧ್ರುವಕ್ಕೆ ಜಾರಿ ಧ್ರುವಪ್ರಭೆ ಹೊತ್ತಿಸುತ್ತವೆ ಎಂದು ಅನೇಕ ಪುಸ್ತಕಗಳು ಬರೆದುಬಿಡುತ್ತವೆ. ಹಸಿರು, ಕೆಂಪು ಪರದೆಗಳಾಗಿ ಕಾಣುವ ಆ ಬೆಳಕನ್ನು ಹೊತ್ತಿಸುವುದು ಮುಖ್ಯವಾಗಿ ಭೂಮಿಯ ಕಾಂತಗೋಳದೊಳಗೇ ಇರುವ ಎಲೆಕ್ಟ್ರಾನುಗಳು. ಸೂರ್ಯನ ಮಾರುತ ಭೂಮಿಯ ಕಾಂತಗೋಳವನ್ನು ಹಗಲಿನ ಕಡೆ ಒತ್ತಿ, ರಾತ್ರಿಯ ಕಡೆ ಉದ್ದಕ್ಕೆ ಎಳೆಯುತ್ತದೆ. ಮಾರುತ ಹೊತ್ತು ತಂದ ಕಾಂತಕ್ಷೇತ್ರ ದಕ್ಷಿಣಮುಖವಾಗಿದ್ದರೆ ಭೂಮಿಯ ರೇಖೆಗಳೊಡನೆ ಬೆಸೆದುಕೊಂಡು ಅಲ್ಲಿಗೆ ಶಕ್ತಿ ತುಂಬುತ್ತದೆ. ಎಳೆದು ನಿಂತ ರೇಖೆಗಳು ಹಿಂದುಗಡೆ ಕಡಿದು ಮತ್ತೆ ಕೂಡಿದಾಗ ಎಲೆಕ್ಟ್ರಾನುಗಳು ಭೂಮಿಯ ಕಡೆಗೆ ಎಸೆಯಲ್ಪಡುತ್ತವೆ, ಬರುವ ದಾರಿಯಲ್ಲಿ ಮತ್ತಷ್ಟು ವೇಗ ಪಡೆದು 100 ಕಿಲೋಮೀಟರಿನಿಂದ ಮೇಲೆ ಆಮ್ಲಜನಕ, ಸಾರಜನಕಗಳಿಗೆ ಬಡಿಯುತ್ತವೆ. ಅವುಗಳ ಶಕ್ತಿ ಕೆಲವು ಸಾವಿರ ಎಲೆಕ್ಟ್ರಾನ್ ವೋಲ್ಟ್ ಮಾತ್ರ. ಸೌರ ಪ್ರೋಟಾನುಗಳ ಮುಂದೆ ತೀರಾ ಸೌಮ್ಯ. ಹಾನ್ಲೆಯಲ್ಲಿ ಕೆಂಪೇ ಕಂಡದ್ದು ಯಾಕೆಂದರೆ, 200 ಕಿಲೋಮೀಟರಿಗಿಂತ ಎತ್ತರದಲ್ಲಿ ಆಮ್ಲಜನಕ ಕೆಂಪಾಗಿ ಬೆಳಗುತ್ತದೆ, ಅಷ್ಟು ಎತ್ತರದ್ದು ಮಾತ್ರ ಅಷ್ಟು ದೂರದ ದಕ್ಷಿಣಕ್ಕೆ ಕಾಣುತ್ತದೆ.

ಈಗ ಅದಮಾರಿಗೆ ಬರುತ್ತೇನೆ.

ಉಡುಪಿ ರಾಮಚಂದ್ರ ರಾವ್ 1932ರ ಮಾರ್ಚ್ 10ರಂದು ಅಲ್ಲಿ ಹುಟ್ಟಿದರು. ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು, ಆಮೇಲೆ ಬಳ್ಳಾರಿ, ಅನಂತಪುರ, ಬನಾರಸ್. ಅಲ್ಲಿಂದ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿ ವಿಕ್ರಮ್ ಸಾರಾಭಾಯಿಯವರ ಕೈಕೆಳಗೆ ಸಂಶೋಧನೆ. ನಮ್ಮ ಕ್ವಿಜ್‌ಗಳಲ್ಲಿ ಕೇಳುವ ಪ್ರಶ್ನೆ ಒಂದೇ: ‘1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ಉಪಗ್ರಹದ ರೂವಾರಿ ಯಾರು?’ ಇನ್ನೂ ಸ್ವಲ್ಪ ಮುಂದೆ ಹೋದವರು 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರು ಯಾರೆಂದು ಕೇಳುತ್ತಾರೆ. ಎರಡೂ ದೊಡ್ಡ ಸಾಧನೆಗಳೇ. ಆದರೆ ಉಪಗ್ರಹ ಕಟ್ಟುವ ಮೊದಲು ಅವರು ವಿಶ್ವಕಿರಣಗಳ ವಿಜ್ಞಾನಿ, ಸೂರ್ಯನ ಕಣಗಳು ಬಾಹ್ಯಾಕಾಶದಲ್ಲಿ ಹೇಗೆ ಸಾಗುತ್ತವೆ ಎಂದು ಹುಡುಕಿದವರು. 1960ರ ಅವರ ಪಿಎಚ್.ಡಿ. ವಿಶ್ವಕಿರಣಗಳ ಮೇಲೆಯೇ.

1961ರಲ್ಲಿ ಅವರು ಅಮೆರಿಕದ ಎಂಐಟಿಗೆ ಹೋದರು. ಮರುವರ್ಷ ಆಗಸ್ಟಿನಲ್ಲಿ ಮ್ಯಾರಿನರ್-2 ಎಂಬ ನೌಕೆ ಶುಕ್ರನತ್ತ ಹೊರಟಿತು. ಸೂರ್ಯನಿಂದ ಕಣಗಳ ಗಾಳಿ ಸದಾ ಬೀಸುತ್ತದೆಯೋ, ಆಗೊಮ್ಮೆ ಈಗೊಮ್ಮೆ ಚಿಮ್ಮುತ್ತದೆಯೋ ಎಂಬ ವಾದ ಅದುವರೆಗೂ ತೀರಿರಲಿಲ್ಲ. ಮ್ಯಾರಿನರ್ ತಿಂಗಳುಗಟ್ಟಲೆ ಅಳೆದು, ಅದು ಬಿಡದೆ ಬೀಸುತ್ತದೆ ಎಂದು ತೋರಿಸಿತು. 1963ರಲ್ಲಿ ಕಾನ್ವೇ ಸ್ನೈಡರ್, ಮಾರ್ಷಿಯಾ ನ್ಯೂಗೆಬಾಯರ್ ಮತ್ತು ನಮ್ಮ ರಾವ್ ಸೇರಿ ಬರೆದ ಪ್ರಬಂಧ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ಗಾಳಿ ವೇಗವಾದ ದಿನ ಭೂಮಿಯ ಕಾಂತಕ್ಷೇತ್ರವೂ ಹೆಚ್ಚು ಅಲುಗುತ್ತದೆ. ಅವರು ಕೊಟ್ಟ ಸೂತ್ರ ಎಂಟನೆಯ ತರಗತಿಯ ಗಣಿತ. ಭೂಕಾಂತದ ಕಲಕಾಟವನ್ನು ಮೂರು ಗಂಟೆಗೊಮ್ಮೆ ಸೊನ್ನೆಯಿಂದ ಒಂಬತ್ತರವರೆಗಿನ ಅಂಕದಲ್ಲಿ ಗುರುತಿಸುತ್ತಾರೆ. ದಿನದ ಎಂಟು ಅಂಕಗಳನ್ನು ಕೂಡಿಸಿ, 8.44ರಿಂದ ಗುಣಿಸಿ, 330 ಸೇರಿಸಿದರೆ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂದು ಸೌರ ಮಾರುತದ ವೇಗ ಬರುತ್ತದೆ. ಕೂಡಿದ ಮೊತ್ತ 20 ಆಗಿದ್ದರೆ ವೇಗ ಹೆಚ್ಚುಕಡಿಮೆ 500. ಹದಿನೈದು ಕೋಟಿ ಕಿಲೋಮೀಟರನ್ನು ಆ ವೇಗದಿಂದ ಭಾಗಿಸಿ ಎಂದು ಹೇಳಿ. ಸೂರ್ಯನಿಂದ ಹೊರಟ ಗಾಳಿ ನಮ್ಮನ್ನು ಮುಟ್ಟಲು ಮೂರೂವರೆ ದಿನ ಬೇಕು ಎಂದು ಮಕ್ಕಳು ತಾವೇ ಕಂಡುಕೊಳ್ಳುತ್ತಾರೆ. ಇವತ್ತು ನೂರಾರು ಉಪಕರಣಗಳು ಮಾಡುವ ಬಾಹ್ಯಾಕಾಶ ಹವಾಮಾನದ ಕೆಲಸಕ್ಕೆ ಇಂಥ ಪ್ರಬಂಧಗಳೇ ಅಡಿಪಾಯ.

ಆನಂತರ ಅವರು ಟೆಕ್ಸಾಸಿನ ಡಲ್ಲಾಸಿಗೆ ಹೋದರು. ಅಲ್ಲಿ ಆಸ್ಟ್ರೇಲಿಯಾದ ಕೆನ್ ಮೆಕ್‌ಕ್ರಾಕೆನ್ ಜೊತೆ ಸೇರಿ ಪಯನೀಯರ್ ನೌಕೆಗಳಿಗೆ ಕಣ ಅಳೆಯುವ ಉಪಕರಣ ಮಾಡಿದರು. 1965ರ ಡಿಸೆಂಬರ್ 16ರಂದು ಪಯನೀಯರ್-6 ಹಾರಿತು. ಕಣಗಳು ಎಷ್ಟು ಬಂದವು ಎನ್ನುವುದರ ಜೊತೆಗೆ ಯಾವ ದಿಕ್ಕಿನಿಂದ ಬಂದವು ಎಂಬುದನ್ನೂ ಅಳೆಯುವ ಉಪಕರಣ ಅದು. ಅದರಿಂದ ಹೊರಬಿದ್ದ ಸಂಗತಿ ಇವತ್ತಿಗೂ ನನಗೆ ಮೈ ನವಿರೇಳಿಸುತ್ತದೆ: ಸೌರಜ್ವಾಲೆಯ ಕಣಗಳು ಸೂರ್ಯನಿಂದ ನೇರ ಗೆರೆಯಲ್ಲಿ ಬರುವುದಿಲ್ಲ. ಬಾಗಿದ ಕಾಂತರೇಖೆಗಳನ್ನು ಹಿಡಿದು ಬರುತ್ತವೆ.

ಬಾಗು ಯಾಕೆಂದು ಕಾರ್ಕಳದ ಯಾವ ಅಡಿಕೆ ತೋಟದ ಮಗುವಾದರೂ ಹೇಳೀತು. ತಿರುಗುವ ಸ್ಪ್ರಿಂಕ್ಲರಿನ ಬಾಯಿಯಿಂದ ಪ್ರತಿ ಹನಿಯೂ ನೇರವಾಗಿಯೇ ಹಾರುತ್ತದೆ. ಆದರೆ ಬಾಯಿ ತಿರುಗುತ್ತಿರುವುದರಿಂದ ಹನಿಗಳ ಸಾಲು ಗಾಳಿಯಲ್ಲಿ ಸುರುಳಿಯಾಗಿ ಕಾಣುತ್ತದೆ. ಸೂರ್ಯ ನಮಗೆ ಕಾಣುವಂತೆ ಸುಮಾರು 27 ದಿನಕ್ಕೊಂದು ಸುತ್ತು ತಿರುಗುತ್ತಾನೆ. ಅವನ ಮೈಯಿಂದ ಹೊರಟ ಗಾಳಿ ಕಾಂತರೇಖೆಗಳನ್ನು ಎಳೆದು ತಂದು ಹಾಗೇ ಸುರುಳಿ ಮಾಡುತ್ತದೆ. ಆದ್ದರಿಂದ ಸೂರ್ಯಬಿಂಬದ ನಡುಮಧ್ಯೆ ಆದ ಸ್ಫೋಟಕ್ಕಿಂತ ಪಶ್ಚಿಮಾರ್ಧದಲ್ಲಿ ಆದ ಸ್ಫೋಟದ ಪ್ರೋಟಾನುಗಳು ನಮಗೆ ಬೇಗ ತಲುಪುತ್ತವೆ, ಏಕೆಂದರೆ ಭೂಮಿಯನ್ನು ಮುಟ್ಟುವ ಸುರುಳಿಯ ಬುಡ ಅಲ್ಲಿದೆ. ಇನ್ನು ಆ ಕಣಗಳಿಗೆ ಅಷ್ಟು ವೇಗ ಬರುವುದು ಎರಡು ಕಡೆ: ಜ್ವಾಲೆಯ ಜಾಗದಲ್ಲಿ ಕಾಂತರೇಖೆಗಳು ಕಡಿದು ಕೂಡುವಾಗ, ಮತ್ತು ಹೊರಗೆ ನುಗ್ಗುವ ಮೋಡದ ಮುಂದೆ ಹುಟ್ಟುವ ಆಘಾತ ತರಂಗದಲ್ಲಿ. ದೊಡ್ಡ ಪ್ರೋಟಾನ್ ಮಳೆಗಳಿಗೆ ಹೆಚ್ಚಾಗಿ ಎರಡನೆಯದೇ ಮೂಲ.

ಪಯನೀಯರ್ 6ರಿಂದ 9ರವರೆಗಿನ ನಾಲ್ಕು ನೌಕೆಗಳು ಸೂರ್ಯನ ಸುತ್ತ ಬೇರೆ ಬೇರೆ ಜಾಗದಲ್ಲಿ ನಿಂತು, ಅಪೊಲೊ ಯಾತ್ರೆಗಳ ಕಾಲದಲ್ಲಿ ಸೌರ ಬಿರುಗಾಳಿಯ ಮುನ್ಸೂಚನೆಗೆ ಬಳಕೆಯಾದವು. 1972ರ ಏಪ್ರಿಲಿನಲ್ಲಿ ಅಪೊಲೊ-16 ಹೋಗಿ ಬಂದಿತ್ತು, ಡಿಸೆಂಬರಿನಲ್ಲಿ 17 ಹೋಗಲಿತ್ತು. ಅವೆರಡರ ನಡುವೆ ಆಗಸ್ಟಿನಲ್ಲಿ ನಾನು ಮೇಲೆ ಹೇಳಿದ ಪ್ರೋಟಾನ್ ಮಳೆ ಸುರಿಯಿತು. ಚಂದ್ರನಿಗೆ ಕಾಂತಕ್ಷೇತ್ರದ ಕವಚವೂ ಇಲ್ಲ, ಗಾಳಿಯೂ ಇಲ್ಲ. ಆ ದಿನ ಅಲ್ಲಿ ಮನುಷ್ಯರು ಓಡಾಡುತ್ತಿದ್ದಿದ್ದರೆ ಎಂದು ನೆನೆದರೆ ಅದಮಾರಿನ ಮನುಷ್ಯ ಅಳೆಯುತ್ತಿದ್ದುದು ಎಂಥ ಸಂಗತಿ ಎಂದು ಅರ್ಥವಾಗುತ್ತದೆ. ಪಯನೀಯರ್-6 ಎಷ್ಟು ಗಟ್ಟಿಯೆಂದರೆ, ಹಾರಿ 35 ವರ್ಷ ತುಂಬಿದಾಗ, 2000ದ ಡಿಸೆಂಬರಿನಲ್ಲಿ, ಕರೆದದ್ದಕ್ಕೆ ಓಗೊಟ್ಟಿತು.

1966ರಲ್ಲಿ ರಾವ್ ದೇಶಕ್ಕೆ ಮರಳಿದರು. ಮುಂದಿನದು ನಿಮಗೆ ಗೊತ್ತಿರುವ ಕಥೆ. ಗೊತ್ತಿಲ್ಲದ್ದು ಇಷ್ಟು: ಆರ್ಯಭಟದೊಳಗೂ ಸೂರ್ಯನಿಂದ ಬರುವ ನ್ಯೂಟ್ರಾನ್ ಮತ್ತು ಗಾಮಾ ಕಿರಣ ಹುಡುಕುವ ಉಪಕರಣ ಇತ್ತು. ಮತ್ತೆ, 2008ರಲ್ಲಿ ಆದಿತ್ಯ ಎಂಬ ಹೆಸರಿನಲ್ಲಿ ಭೂಮಿಯ ಸುತ್ತಲೇ 800 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಸಣ್ಣ ಉಪಗ್ರಹವೊಂದರ ಯೋಜನೆ ಇದ್ದಾಗ, ಅದನ್ನು ಸೂರ್ಯನ ದಿಕ್ಕಿನಲ್ಲಿ ಹದಿನೈದು ಲಕ್ಷ ಕಿಲೋಮೀಟರ್ ದೂರದ ಎಲ್-1 ಬಿಂದುವಿಗೇ ಕಳಿಸಬೇಕೆಂದು ಒತ್ತಾಸೆಯಾಗಿ ನಿಂತವರಲ್ಲಿ ರಾವ್ ಮುಖ್ಯರು. ಭೂಮಿಯ ಕಾಂತಗೋಳದ ಒಳಗೆ ಕೂತು ಸೌರ ಮಾರುತವನ್ನು ನೇರವಾಗಿ ಅಳೆಯಲಾಗದು ಎಂಬುದು ಪಯನೀಯರ್ ಕಟ್ಟಿದವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು! 2017ರ ಜುಲೈ 24ರಂದು ಅವರು ತೀರಿಕೊಂಡರು. ಆದಿತ್ಯ-ಎಲ್1 ಹಾರಿದ್ದು 2023ರ ಸೆಪ್ಟೆಂಬರ್ 2ರಂದು. 2024ರ ಜನವರಿ 6ರಂದು ಅದು ತನ್ನ ಕಕ್ಷೆ ಸೇರಿತು. ಮೇ ತಿಂಗಳ ಬಿರುಗಾಳಿ ಬಂದಾಗ ಅದರ ಆಸ್ಪೆಕ್ಸ್ ಉಪಕರಣ ವೇಗದ ಗಾಳಿಯನ್ನೂ ಕಣಗಳನ್ನೂ ದಾರಿಯಲ್ಲೇ ಅಳೆಯಿತು. ಆಸ್ಪೆಕ್ಸ್ ಮಾಡಿದ್ದು ರಾವ್ ಸಂಶೋಧನೆ ಕಲಿತ ಅಹಮದಾಬಾದಿನ ಅದೇ ಪ್ರಯೋಗಾಲಯ. ಜ್ವಾಲೆಗಳ ಎಕ್ಸ್-ಕಿರಣ ಅಳೆಯುವ ಎರಡು ಉಪಕರಣಗಳು ತಯಾರಾದದ್ದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ. ಸೂರ್ಯನನ್ನು ಅತಿನೇರಳೆ ಬೆಳಕಿನಲ್ಲಿ ನೋಡುವ ಸೂಟ್ ದೂರದರ್ಶಕ ಪುಣೆಯ ಐಯುಕಾ ಸಂಸ್ಥೆಯದ್ದು. ಅದರಲ್ಲಿ ಕೈಜೋಡಿಸಿದ ಸಂಸ್ಥೆಗಳಲ್ಲಿ ಮಣಿಪಾಲದ ಮಾಹೆ ವಿಶ್ವವಿದ್ಯಾಲಯವೂ ಒಂದು. ಮಣಿಪಾಲದ ಶಿಕ್ಷಕರೇ, ನಿಮ್ಮ ಶಾಲೆಯಿಂದ ಕಾಲ್ನಡಿಗೆಯಲ್ಲಿ ಹೋಗುವಷ್ಟು ಹತ್ತಿರದಲ್ಲಿ ಈ ಕೆಲಸ ಮಾಡಿದವರಿದ್ದಾರೆ. ಒಂದು ಪತ್ರ ಬರೆದು ಮಕ್ಕಳೊಡನೆ ಮಾತಿಗೆ ಕರೆಯಿರಿ.

ನಾವು ಸುರಕ್ಷಿತ ಎಂದೆ. ಅಷ್ಟಕ್ಕೇ ಬಿಟ್ಟರೆ ಮಕ್ಕಳಿಗೆ ಇದು ಯಾರದೋ ಊರಿನ ಸುದ್ದಿ ಅನ್ನಿಸೀತು. ನಮ್ಮ ಬದುಕಿಗೂ ಅದು ತಾಕುವ ದಾರಿಗಳಿವೆ. ಮಲ್ಪೆಯ ಆಳಸಮುದ್ರದ ಬೋಟುಗಳು ಜಿಪಿಎಸ್ ನೋಡಿ ದಾರಿ ಹಿಡಿಯುತ್ತವೆ. ಉಪಗ್ರಹದ ಆ ಸಂಕೇತ ಅಯಾನುಗೋಳವನ್ನು ದಾಟಿಯೇ ಬರಬೇಕು, ಅದು ಕಲಕಿದ ದಿನ ಸ್ಥಾನದ ಲೆಕ್ಕ ತಪ್ಪಬಹುದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಮಗನೋ ಮಗಳೋ ಊರಿಗೆ ಬರುವ ವಿಮಾನ ಧ್ರುವದ ದಾರಿ ಹಿಡಿಯಬಹುದು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿನಿಂದ ವಿಮಾನ ತಂದದ್ದು ನೆನಪಿರಬಹುದು. ಪ್ರೋಟಾನ್ ಮಳೆಯ ದಿನ ಅಂಥ ವಿಮಾನಗಳನ್ನು ಕೆಳ ಅಕ್ಷಾಂಶಕ್ಕೆ ತಿರುಗಿಸುತ್ತಾರೆ. 2025ರ ನವೆಂಬರ್ 28ರಂದು ಏರ್‌ಬಸ್ ಕಂಪನಿ, ತೀವ್ರ ಸೌರ ವಿಕಿರಣದಿಂದ ಹಾರಾಟ ನಿಯಂತ್ರಣದ ಮಾಹಿತಿ ಕೆಡಬಹುದೆಂದು ಎ-320 ಬಗೆಯ ಸುಮಾರು 6,000 ವಿಮಾನಗಳಿಗೆ ಕೂಡಲೇ ತಿದ್ದುಪಡಿ ಮಾಡಿಸಿತು; ನಮ್ಮ ದೇಶದ ವಿಮಾನಗಳೂ ಅದರಲ್ಲಿದ್ದವು. 2022ರ ಫೆಬ್ರವರಿಯಲ್ಲಿ ಸಾಧಾರಣ ಬಿರುಗಾಳಿಯೊಂದು ಮೇಲ್ಪದರದ ಗಾಳಿಯನ್ನು ಬಿಸಿ ಮಾಡಿ ಉಬ್ಬಿಸಿದ್ದಕ್ಕೇ ಹೊಸದಾಗಿ ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ 38 ಬಿದ್ದು ಸುಟ್ಟುಹೋದವು. ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರದಿಂದ ಹಾಸನದತ್ತ ಹೋಗುವ 400 ಕಿಲೋವೋಲ್ಟ್ ತಂತಿಯಂಥ ಉದ್ದನೆಯ ಮಾರ್ಗಗಳಲ್ಲಿ ಕಾಂತೀಯ ಬಿರುಗಾಳಿ ಅನಗತ್ಯ ಪ್ರವಾಹ ಹುಟ್ಟಿಸಬಲ್ಲದು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಒಂಬತ್ತು ಗಂಟೆ ಕತ್ತಲಲ್ಲಿ ಮುಳುಗಿದ್ದು ಹಾಗೆಯೇ. ನಮ್ಮ ಅಕ್ಷಾಂಶದಲ್ಲಿ ಆ ಅಪಾಯ ಬಹಳ ಕಡಿಮೆ.

ಕಡಿಮೆ, ಸೊನ್ನೆಯಲ್ಲ. ಊಟಿಯಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗ್ರೇಪ್ಸ್-3 ಎಂಬ ಉಪಕರಣ ಇದೆ. 2015ರ ಜೂನ್ 22ರಂದು ಸೂರ್ಯನ ಮೋಡವೊಂದು ಬಡಿದಾಗ ಅದರಲ್ಲಿ ಎರಡು ಗಂಟೆ, ವಿಶ್ವಕಿರಣಗಳು ಗಾಳಿಗೆ ಬಡಿದಾಗ ಹುಟ್ಟುವ ಮ್ಯುವಾನ್ ಕಣಗಳ ಎಣಿಕೆ ಏರಿತು. ಬಂದದ್ದು ಸೂರ್ಯನ ಕಣಗಳಲ್ಲ. ಮೋಡದ ಒತ್ತಡಕ್ಕೆ ಭೂಮಿಯ ಕಾಂತಕ್ಷೇತ್ರ ತಾತ್ಕಾಲಿಕವಾಗಿ ಸಡಿಲಗೊಂಡು, ಸಾಮಾನ್ಯ ದಿನಗಳಲ್ಲಿ ಹಿಂದಿರುಗಬೇಕಿದ್ದ ದೂರದ ವಿಶ್ವಕಿರಣಗಳು ಒಳಬಂದವು ಎಂದು ಅಲ್ಲಿನ ವಿಜ್ಞಾನಿಗಳು 2016ರಲ್ಲಿ ವಿವರಿಸಿದರು. ಕಾಪುವಿನ ಬಂಡೆಯ ಮೇಲೆ ಎಡಗೈಯಲ್ಲಿ ತೋರಿಸಿದ ಆ 1,700 ಕೋಟಿಯ ಮಿತಿ ಸ್ಥಿರವಲ್ಲ ಎಂಬುದಕ್ಕೆ ಇದು ಸಾಕ್ಷಿ. ಹಳೆಯ ದಾಖಲೆಗಳೂ ಸುಮ್ಮನಿರಲು ಬಿಡುವುದಿಲ್ಲ. 1859ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಕ್ಯಾರಿಂಗ್ಟನ್ ಕಂಡ ಜ್ವಾಲೆಯ ಮೋಡ 17.6 ಗಂಟೆಗಳಲ್ಲಿ ಭೂಮಿಗೆ ಬಂದಾಗ, ನಮ್ಮದೇ ಪಶ್ಚಿಮ ಕರಾವಳಿಯ ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ ಕುಸಿಯಿತು. 2024ರ ಮೇ ತಿಂಗಳ ಜಾಗತಿಕ ಕುಸಿತ 400ರ ಆಸುಪಾಸು. ಇನ್ನೂ ಹಿಂದೆ, ಉದ್ಯಾವರದಲ್ಲಿ ಆಳುಪರು ಆಳುತ್ತಿದ್ದ ಕಾಲದಲ್ಲಿ, ಕ್ರಿ.ಶ. 774–775ರಲ್ಲಿ, ಈಚಿನ ಯಾವ ಪ್ರೋಟಾನ್ ಮಳೆಗಿಂತಲೂ ಎಷ್ಟೋ ಪಾಲು ದೊಡ್ಡದಾದ ಕಣಗಳ ಮಳೆ ಸುರಿದ ಗುರುತನ್ನು ಜಪಾನಿನ ಫುಸಾ ಮಿಯಾಕೆ ಹಳೆಯ ದೇವದಾರು ಮರಗಳ ಉಂಗುರಗಳಲ್ಲಿ 2012ರಲ್ಲಿ ಪತ್ತೆ ಮಾಡಿದರು.

ಆದ್ದರಿಂದ ನಿಮ್ಮಲ್ಲಿ ನನ್ನ ಕೋರಿಕೆ ಇದು. ಮಾರ್ಚ್ 10ನ್ನು ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಸೂರ್ಯನ ದಿನವಾಗಿ ಆಚರಿಸಿ. ಹತ್ತನೆಯವರಿಗೆ ಅದು ಪರೀಕ್ಷೆಯ ಹೊತ್ತು, ಗೊತ್ತು. ಎಂಟು, ಒಂಬತ್ತನೆಯವರು ಸಾಕು. ಭಾಷಣ ಬೇಡ, ಹಾರ ಹಾಕುವುದೂ ಬೇಡ. ಒಂದು ಸಣ್ಣ ದೂರದರ್ಶಕದಿಂದ ಸೂರ್ಯನ ಬಿಂಬವನ್ನು ಬಿಳಿ ಹಾಳೆಯ ಮೇಲೆ ಬೀಳಿಸಿ, ಕಲೆಗಳ ಜಾಗವನ್ನು ಪೆನ್ಸಿಲಿನಿಂದ ಗುರುತಿಸಲಿ. ಮೋಡವಿಲ್ಲದ ಮುಂದಿನ ದಿನಗಳಲ್ಲೂ ಅದೇ ಹೊತ್ತಿಗೆ ಗುರುತಿಸಲಿ. ಕಲೆಗಳು ಬಿಂಬದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯುವುದು ಕಂಡಾಗ ಸೂರ್ಯ ತಿರುಗುತ್ತಾನೆಂದು ಅವರಿಗೆ ಪುಸ್ತಕ ಹೇಳಬೇಕಾಗುವುದಿಲ್ಲ. ಕಲೆಗಳ ಗುಂಪು ಪಶ್ಚಿಮಾರ್ಧಕ್ಕೆ ಬಂದ ದಿನ “ಈಗ ಸಿಡಿದರೆ ಕಣಗಳು ನಮ್ಮ ಕಡೆ ಬರುತ್ತವೆ” ಎಂದು ಅವರೇ ಹೇಳುತ್ತಾರೆ. ದೂರದರ್ಶಕ ಇಲ್ಲದ ಶಾಲೆಗಳು ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘವನ್ನು ಕೇಳಿ ನೋಡಬಹುದು. ಆ ಕಾಲೇಜನ್ನು ನಡೆಸುವುದು ಅದಮಾರು ಮಠದ ಶಿಕ್ಷಣ ಮಂಡಳಿಯೇ.

ಮತ್ತೆ ಆ ಹುಡುಗಿಯ ಫೋನಿನ ಪ್ರಶ್ನೆಗೆ: ನಮ್ಮ ತಲೆಯ ಮೇಲಿರುವ ಗಾಳಿಯ ತೂಕ ಹತ್ತು ಮೀಟರ್ ಆಳದ ನೀರಿನ ತೂಕಕ್ಕೆ ಸಮ. ಅದನ್ನೂ ದಾಟಿ ವಿಶ್ವಕಿರಣಗಳ ಸಂತತಿಯಾದ ಮ್ಯುವಾನುಗಳು ಹಗಲೂ ರಾತ್ರಿ ನಮ್ಮ ಅಂಗೈಯ ಮೂಲಕ ಸೆಕೆಂಡಿಗೆ ಒಂದರಂತೆ ಹಾದುಹೋಗುತ್ತಲೇ ಇವೆ, ಮನುಷ್ಯ ಹುಟ್ಟುವ ಮೊದಲಿನಿಂದಲೂ. ಫೋನ್ ಆಫ್ ಮಾಡಿದರೂ ಹಾದುಹೋಗುತ್ತವೆ, ಮಾಡದಿದ್ದರೂ ಹಾದುಹೋಗುತ್ತವೆ.

ಒಂದೇ ಎಚ್ಚರಿಕೆ. ದೂರದರ್ಶಕದೊಳಗೆ ಕಣ್ಣಿಟ್ಟು ಸೂರ್ಯನನ್ನು ನೋಡಲು ಯಾವ ಮಗುವನ್ನೂ, ಒಂದು ಕ್ಷಣಕ್ಕೂ ಬಿಡಬೇಡಿ. ಬಿಂಬ ಹಾಳೆಯ ಮೇಲೆ ಮಾತ್ರ ಬೀಳಲಿ, ನೀವು ಪಕ್ಕದಲ್ಲೇ ನಿಂತಿರಿ.

ಇತಿ ನಿಮ್ಮ ವಿಶ್ವಾಸಿ,
ಕಾಪು ತಾಲೂಕಿನ ಒಬ್ಬ ವಿಜ್ಞಾನ ಬರಹಗಾರ